ಹೊಗೆ ಎದೆಯಲ್ಲಿ ನಿಲ್ಲುವುದಿಲ್ಲ

ರಾಯಚೂರಿನ ಕೇಳುಗರಿಗೆ ನಮಸ್ಕಾರ. ಗಂಜಿನಲ್ಲಿ ಚೀಲ ಹೊರುವವರು, ಅಕ್ಕಿ ಗಿರಣಿಯಲ್ಲಿ ದುಡಿಯುವವರು, ಹತ್ತಿ ಹೊಲದ ಬದುವಿನ ಮೇಲೆ ಕುಳಿತು ಕಡ್ಡಿಪೆಟ್ಟಿಗೆ ತಡಕುತ್ತಿರುವವರು, ನಿಮ್ಮೊಂದಿಗೇ ನನ್ನ ಮಾತು. ಹೇಳಬೇಕಾದದ್ದು ಒಂದೇ. ಬೀಡಿಯ ಹೊಗೆ ಎದೆಯಲ್ಲಿ ನಿಲ್ಲುವುದಿಲ್ಲ. ಅದರ ವಿಷ ಮೂತ್ರಪಿಂಡಕ್ಕೂ ಹೋಗುತ್ತದೆ.

ಮಾನ್ವಿ ಕಡೆಯ ಯಜಮಾನರೊಬ್ಬರು, ಹಮಾಲಿ ಕೆಲಸದವರು. ಮೂವತ್ತು ವರ್ಷದಿಂದ ದಿನಕ್ಕೆ ಎರಡು ಕಟ್ಟು ಬೀಡಿ. ಒಂದು ಬೇಸಿಗೆಯಲ್ಲಿ ಮೂತ್ರ ಕೆಂಪಾಯಿತು. ನೋವಿಲ್ಲ, ಜ್ವರವಿಲ್ಲ. ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಉಷ್ಣವಾಗಿದೆ ಎಂದರು ಮನೆಯವರು. ಎಳನೀರು, ಮಜ್ಜಿಗೆ, ನೆನೆಸಿದ ಕಾಮಕಸ್ತೂರಿ ಬೀಜ ಎಲ್ಲವೂ ಆಯಿತು. ಎರಡು ದಿನದಲ್ಲಿ ಕೆಂಪು ತಾನಾಗಿ ಹೋಯಿತು, ಎಳನೀರಿಗೆ ಹೆಸರು ಬಂತು. ಮೂರು ತಿಂಗಳ ಮೇಲೆ ಮತ್ತೆ ಕೆಂಪು, ಮತ್ತೆ ಎಳನೀರು. ಹೀಗೇ ಒಂದು ವರ್ಷ ಕಳೆಯಿತು! ಕೊನೆಗೆ ಮಗಳು ಹಟ ಹಿಡಿದು ಕರೆತಂದಳು. ಸ್ಕ್ಯಾನಿಂಗ್‌ನಲ್ಲಿ ಎಡ ಮೂತ್ರಪಿಂಡದೊಳಗೆ ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ ಕಂಡಿತು.

“ಡಾಕ್ಟರ್ ಸಾಹೇಬರೇ, ಹೊಗೆ ಹೋಗುವುದು ಎದೆಗೆ. ಎದೆ ಚೆನ್ನಾಗಿದೆ ಎಂದು ನೀವೇ ಹೇಳಿದಿರಿ. ಕಿಡ್ನಿಗೂ ಬೀಡಿಗೂ ಏನು ಸಂಬಂಧ?” ಎಂದು ಕೇಳಿದರು.

“ಯಜಮಾನರೇ, ಹೊಗೆಯ ವಿಷವನ್ನು ರಕ್ತ ಎತ್ತಿಕೊಳ್ಳುತ್ತದೆ. ಹೃದಯ ತಳ್ಳುವ ರಕ್ತದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಕಿಡ್ನಿಗೇ ಹೋಗುತ್ತದೆ. ಅವೆರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಜರಡಿಗೆ ಧೂಳು ತಾಗದೆ ಇರುತ್ತದೆಯೇ?”

“ತಾಗಿದರೆ ಏನಾಯಿತು? ಮೂತ್ರದಲ್ಲಿ ಹೊರಗೆ ಹೋಗುತ್ತದಲ್ಲ?”

ಎಂಥ ಒಳ್ಳೆಯ ಪ್ರಶ್ನೆ! ಕೇಳಿ. ನಮ್ಮ ಜೀವಕೋಶಗಳಲ್ಲಿ ಡಿಎನ್‌ಎ ಎಂಬ ಬರಹವಿದೆ. ಅದಕ್ಕೆ ನಾಲ್ಕೇ ಅಕ್ಷರ. ಕೋಶ ಒಂದು ಎರಡಾಗುವಾಗ ಅಷ್ಟೂ ಬರಹ ನಕಲಾಗಬೇಕು. ಹೊಗೆಯಲ್ಲಿ ಬೆಂಜೊಪೈರೀನ್ ಎಂಬ ವಿಷವಿದೆ. ಅದನ್ನು ಹೊರಹಾಕಲೆಂದು ದೇಹ ಅದರ ರೂಪ ಬದಲಿಸುತ್ತದೆ. ಬದಲಾದ ಆ ರೂಪವೇ ಡಿಎನ್‌ಎಯ ‘ಜಿ’ ಎಂಬ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಆಗ ನಕಲಿನಲ್ಲಿ ‘ಜಿ’ ಇರಬೇಕಾದ ಕಡೆ ‘ಟಿ’ ಬಂದುಬಿಡುತ್ತದೆ. ಗುಮಾಸ್ತ ಅರವತ್ತು ಚೀಲವನ್ನು ಐವತ್ತೆಂದು ಬರೆದರೆ ನಿಮ್ಮ ಕೂಲಿ ಏನಾಗುತ್ತದೆ ಎಂದೆ. ಯಜಮಾನರು ತಲೆದೂಗಿದರು. “ತಿದ್ದುವವರು ಯಾರೂ ಇಲ್ಲವೇ?” ಎಂದರು.

ಇದ್ದಾರೆ. ಕೆಟ್ಟ ತುಣುಕನ್ನು ಕತ್ತರಿಸಿ ಹೊಸದಾಗಿ ಬರೆಯುವ ವ್ಯವಸ್ಥೆ ಜೀವಕೋಶದಲ್ಲೇ ಇದೆ. ಆದರೆ ಅದು ತಿದ್ದುತ್ತಿರುವಾಗಲೇ ನೀವು ಮುಂದಿನ ಬೀಡಿ ಹಚ್ಚುತ್ತೀರಿ. ಉಳಿದುಹೋದ ತಪ್ಪು ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಜೀನಿನಲ್ಲೇ, ಅಂದರೆ ಆ ಬರಹದ ಅಂಥದೊಂದು ಭಾಗದಲ್ಲೇ, ಬಿದ್ದರೆ? ಇಂಥ ತಪ್ಪುಗಳು ಒಂದರ ಮೇಲೊಂದು ಕೂಡಿದಾಗ ಕ್ಯಾನ್ಸರ್ ಗಡ್ಡೆ ಬೆಳೆಯುತ್ತದೆ. ಹೊಗೆ ಎದೆಯಲ್ಲಿ ನಿಲ್ಲುವುದಿಲ್ಲ ಎಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಯಜಮಾನರ ಆ ಮೂತ್ರಪಿಂಡವನ್ನು ತೆಗೆಯಬೇಕಾಯಿತು. ಉಳಿದ ಒಂದರಲ್ಲೇ ಬದುಕು ನಡೆದಿದೆ, ಬೀಡಿ ಬಿಟ್ಟಿದ್ದಾರೆ.

ಸಮಯ ಮುಗಿಯುತ್ತಾ ಬಂತು. ಧೂಮಪಾನ ಮಾಡುವ ಗಂಡಸರಲ್ಲಿ ಮೂತ್ರಪಿಂಡದ ಕ್ಯಾನ್ಸರಿನ ಅಪಾಯ ಸುಮಾರು ಒಂದೂವರೆ ಪಟ್ಟು. ರಕ್ತದೊತ್ತಡ, ಬೊಜ್ಜು ಕೂಡ ಅಪಾಯ ಹೆಚ್ಚಿಸುತ್ತವೆ. ಬಿಟ್ಟ ಮೇಲೆ ಅಪಾಯ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಆದ್ದರಿಂದ ‘ಇಷ್ಟು ವರ್ಷ ಸೇದಿದ್ದಾಯಿತು, ಇನ್ನೇನು’ ಎನ್ನಬೇಡಿ, ದಯವಿಟ್ಟು. ಮೂತ್ರದಲ್ಲಿ ಒಂದೇ ಸಲ ರಕ್ತ ಕಂಡು ನಿಂತರೂ, ನೋವಿಲ್ಲದಿದ್ದರೂ, ಅದೇ ವಾರ ಆಸ್ಪತ್ರೆಗೆ ಹೋಗಿ. ಎಳನೀರು ಕುಡಿಯಿರಿ, ಕುಡಿದು ಹೋಗಿ. ಬಿಡಲು ನೆರವು ಬೇಕಾದವರಿಗೆ ಉಚಿತ ದೂರವಾಣಿ ಇದೆ, ಕನ್ನಡದಲ್ಲೂ ಮಾತನಾಡುತ್ತಾರೆ. ಮನೆಯ ಹೆಣ್ಣುಮಕ್ಕಳೇ, ನೀವು ಬರೆದಿಟ್ಟುಕೊಳ್ಳಿ: 1800-11-2356. ಮತ್ತೊಮ್ಮೆ ಹೇಳುತ್ತೇನೆ, 1800-11-2356. ನಮಸ್ಕಾರ.