ರೇಟು ಕೇಳ್ತೀರಿ, ಅಳತೆ ಕೇಳಲ್ಲ

ಮನೆ ಕಟ್ಟಿಸುವವರೇ ಹೆಚ್ಚು ಬಂದಿದ್ದೀರಿ ಅಂದರು, ಅದಕ್ಕೇ ಮಾತಾಡೋಕೆ ಒಪ್ಪಿಕೊಂಡೆ. ಮೂವತ್ತು ವರ್ಷ ಮರದ ಅಂಗಡಿಯಲ್ಲಿ ಕೂತವನು ನಾನು. ಬಂದವರೆಲ್ಲ ಚಪ್ಪಲಿ ಬಿಡುವ ಮೊದಲೇ ಕೇಳೋದು ಒಂದೇ: ‘ಸಾಗುವಾನಿ ಸಿಎಫ್‌ಟಿಗೆ ಎಷ್ಟು?’ ಸಿಎಫ್‌ಟಿ ಅಂದರೆ ಘನ ಅಡಿ, ಸರಿ, ಆದರೆ ಯಾವ ಲೆಕ್ಕದ್ದು ಮಾರಾಯ್ರೇ? ಅದನ್ನು ಯಾರೂ ಕೇಳೋದಿಲ್ಲ.

ದಿಮ್ಮಿಗೆ ಒಂದು ಲೆಕ್ಕ. ಸುತ್ತಳತೆಯ ಕಾಲು ಭಾಗ ತಗೊಂಡು, ಅದನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸೋದು. 4 ಅಡಿ ಸುತ್ತು, 8 ಅಡಿ ಉದ್ದ ಇದ್ದರೆ 8 ಸಿಎಫ್‌ಟಿ. ಮರದಲ್ಲಿ ನಿಜವಾಗಿ ಇರೋದು 10ಕ್ಕಿಂತ ಸ್ವಲ್ಪ ಜಾಸ್ತಿ. 1736ರಲ್ಲಿ ಹಾಪಸ್ ಅನ್ನುವ ಇಂಗ್ಲಿಷ್ ಸರ್ವೆಯರ್ ಕೋಷ್ಟಕ ಅಚ್ಚು ಹಾಕಿಸಿದ, ಲೆಕ್ಕಕ್ಕೆ ಅವನದೇ ಹೆಸರು. ಸಿಪ್ಪೆ, ಹೊಟ್ಟು ಹೋಗುತ್ತಲ್ಲ, ಅದಕ್ಕೆ ಬಿಟ್ಟ ಸೋಡಿ ಅಂತಿಟ್ಟುಕೊಳ್ಳಿ.

ಅಳತೆ ಸರಿಯಿದ್ದರೂ ಒಳಗೆ ಏನಿದೆ ಅನ್ನೋದು ಬೇರೆ ಮಾತು. ಆಗೆಲ್ಲ ಅರಣ್ಯ ಇಲಾಖೆಯ ಮರದ ಡಿಪೋದಲ್ಲಿ ಕೂಗಿ ಹರಾಜು, ಈಗಿನ ಹಾಗೆ ಆನ್‌ಲೈನ್ ಅಲ್ಲ. ಮೊದಲ ಸಲ ಒಬ್ಬನೇ ಹೋಗಿದ್ದೆ. ಒಂದು ದಿಮ್ಮಿ, ತಬ್ಬಿದರೆ ಕೈ ಕೂಡದಷ್ಟು ದಪ್ಪ. ದಪ್ಪವಾದಷ್ಟೂ ಸಿಎಫ್‌ಟಿ ರೇಟೂ ಏರುತ್ತದೆ, ಅಗಲದ ಹಲಗೆ ಬರುತ್ತದಲ್ಲ. ಹುಮ್ಮಸ್ಸಿನಲ್ಲಿ ಕೂಗಿದೆ, ನನಗೇ ಬಿತ್ತು. ಮಿಲ್ಲಿನಲ್ಲಿ ನಮ್ಮ ಮೇಸ್ತ್ರಿ ಕೊಡಲಿಯ ಹಿಂಬದಿಯಿಂದ ಮೂರು ಕಡೆ ತಟ್ಟಿದ, ಬೀಡಿ ಹಚ್ಚಿದ. ‘ತಮ್ಮಾ, ಇದು ಮರ ಅಲ್ಲ, ಮದ್ದಳೆ’ ಅಂದ. ಕೊಯ್ದರೆ ನಡುವೆ ಪೊಟರೆ, ಒಳಗೆ ಹಾವಿನ ಪೊರೆ! ವಾರಗಟ್ಟಲೆ ಅಪ್ಪ ನನಗೆ ಅನ್ನ ಬಡಿಸುವಾಗೆಲ್ಲ ‘ಮದ್ದಳೆ ಬಂತು’ ಅನ್ನೋರು.

ಹಾರ್ಡ್‌ವುಡ್ ಅಂದರೆ ಗಟ್ಟಿ ಅಂತ ತಿಳಿಯಬೇಡಿ. ಅದು ಸಸ್ಯಶಾಸ್ತ್ರದವರ ಲೆಕ್ಕ. ಬೆಂಕಿಕಡ್ಡಿ ಮಾಡುವ ಬೂರುಗವೂ ಹಾರ್ಡ್‌ವುಡ್ಡೇ. ನೀವು ನೋಡಬೇಕಾದ್ದು ಕೆಚ್ಚು, ಅಂದರೆ ಮರದ ನಡುವಿನ ಬಲಿತ ಭಾಗ. ಅಂಚಿನ ಬಿಳಿ ಭಾಗಕ್ಕೆ ಹುಳು ಬೀಳುತ್ತದೆ. ಎಣ್ಣೆ ಸವರಿ ಬಣ್ಣ ಕಟ್ಟಿದ್ದರೆ ಬಿಳಿ ಕಾಣೋದಿಲ್ಲ, ಕತ್ತರಿಸಿದ ತುದಿ ತೋರಿಸಿ ಅನ್ನಿ.

ಮತ್ತೆ ಅಳತೆಗೇ ಬರುತ್ತೇನೆ, ಬೇಜಾರಾಗಬೇಡಿ. ಕೊಯ್ದ ಸೈಜಿಗೆ ಅಗಲ, ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ. ಗುಣಿಸಿ 144ರಿಂದ ಭಾಗಿಸಿ. 5×3ರ ದಾರಂದ, 7 ಅಡಿ ಎತ್ತರ, ಮೂರೂವರೆ ಅಗಲ, ಹೊಸ್ತಿಲೂ ಸೇರಿ 21 ಅಡಿ. 2.19 ಸಿಎಫ್‌ಟಿ ಆಯಿತು. ಮನೆಗೆ ಬಂದದ್ದನ್ನು ಅಳೆದರೆ ನಾಲ್ಕೂಮುಕ್ಕಾಲು, ಎರಡೂಮುಕ್ಕಾಲು! ಕೈಗೆ ಬಂದದ್ದು 1.9. ಸಿಎಫ್‌ಟಿಗೆ ಮೂರು ಸಾವಿರ ಅಂತ ಹಿಡಿಯಿರಿ, ಎಂಟುನೂರು ರೂಪಾಯಿ ಮೇಲೆ ಹೋಯಿತು. ಉಜ್ಜುಗೊರಡಿಗೆ ಹೋದದ್ದಾದರೆ ಸರಿ, ಕೊಯ್ಯುವಾಗಲೇ ಕಮ್ಮಿ ಕೊಯ್ದದ್ದಾದರೆ? ನೂರಿನ್ನೂರಕ್ಕೆ ಅರ್ಧ ಗಂಟೆ ಚೌಕಾಸಿ ಮಾಡಿದ ಯಜಮಾನರು ಇದನ್ನು ನೋಡಿರೋದೇ ಇಲ್ಲ. ನಮ್ಮವರ ಮೇಲೆಯೇ ದೂರು ಹೇಳ್ತಿದ್ದೇನೆ, ನಾಳೆ ಅಂಗಡಿಯವರು ನನಗೆ ಚಹಾ ಕೊಡೋದು ಅನುಮಾನ.

ಮಾತು ಮುಗಿಸಿ ಅಂತ ಚೀಟಿ ಬಂತು. ಬರ್ಮಾ ತೇಗದ ಬಗ್ಗೆ ಹೇಳೋದಿತ್ತು: 2014ರಲ್ಲಿ ಅವರು ದಿಮ್ಮಿ ರಫ್ತು ನಿಲ್ಲಿಸಿದ್ದಾರೆ, ‘ಹೊಸ ಬರ್ಮಾ ದಿಮ್ಮಿ’ ಅಂದವರಿಗೆ ಕಾಗದ ಕೇಳಿ. ಹಸಿ ಮರ, ಒಣಗಿಸೋದು, ಅದು ಬಿಟ್ಟೆ. ಟೇಪು ತಂದಿದ್ದೇನೆ, ಊಟಕ್ಕೆ ಮುಂಚೆ ಈ ಸಭಾಂಗಣದ ಬಾಗಿಲನ್ನೇ ಅಳೆಯೋಣ, ಬನ್ನಿ.