ಆರು ವರ್ಷ ನಿಂತ ಫಿಯಟ್: ಮಿಸ್ಸಿಂಗ್ ಎಲ್ಲಿತ್ತು ಗೊತ್ತಾ?

ಮೊದಲು ಈ ಶಬ್ದ ಕೇಳಿ. ಸ್ವಲ್ಪ ಹೊತ್ತು ಸರಿಯಾಗಿ ಬರುತ್ತದೆ, ನಡುವೆ ಇಂಜಿನ್ ಒಂದು ಏಟು ತಪ್ಪುತ್ತದೆ (ಇದಕ್ಕೇ ಮಿಸ್ಸಿಂಗ್ ಅನ್ನುವುದು), ಇಡೀ ಗಾಡಿ ಮೈ ಕೊಡವಿದ ಹಾಗೆ ಅಲ್ಲಾಡುತ್ತದೆ. ಆಮೇಲೆ ಆಫ್. ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಓಡುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ.

ಇದು ನಮ್ಮ ಅಪ್ಪನ ಪ್ರೀಮಿಯರ್ ಪದ್ಮಿನಿ, 1984ರ ಗಾಡಿ. ನಮ್ಮ ಸಾಗರದ ಕಡೆ ಯಾರೂ ಪದ್ಮಿನಿ ಅನ್ನುವುದಿಲ್ಲ, ಎಲ್ಲರ ಬಾಯಲ್ಲೂ ಫಿಯಟ್ಟೇ. 1089 ಸಿಸಿ ಇಂಜಿನ್, ನಾಲ್ಕು ಸಿಲಿಂಡರ್, ಹ್ಯಾಂಡ್ ಗೇರ್. ಅಪ್ಪನಿಗೆ ಕಣ್ಣಿನ ತೊಂದರೆ ಶುರುವಾದ ಮೇಲೆ ಅಡಿಕೆ ಮೂಟೆಗಳ ಪಕ್ಕ ನಿಲ್ಲಿಸಿದ್ದು, ಆರು ಮಳೆಗಾಲ ಅಲ್ಲೇ ಕಳೆಯಿತು.

ಹೊಸ ಬ್ಯಾಟರಿ, ಹೊಸ ಆಯಿಲ್ ಹಾಕಿ ಸ್ಟಾರ್ಟ್ ಮಾಡಿದ್ದಾಯಿತು. ಪೇಟೆಯ ಒಂದು ಗ್ಯಾರೇಜಿಗೆ ತೋರಿಸಿದರೆ ಐಡಲ್ ಸ್ಕ್ರೂ, ಅಂದರೆ ಕಾಲು ತೆಗೆದಾಗ ಇಂಜಿನ್ ಎಷ್ಟು ಸ್ಪೀಡಾಗಿ ಓಡಬೇಕು ಅಂತ ಹೊಂದಿಸುವ ಸ್ಕ್ರೂ, ಎರಡು ಸುತ್ತು ತಿರುಗಿಸಿ "ಈಗ ನಿಲ್ಲಲ್ಲ ಹೋಗಿ" ಅಂದರು. ಹೌದು, ನಿಲ್ಲಲಿಲ್ಲ. ಆದರೆ ಗಾಡಿ ಕೂಗುತ್ತಿತ್ತು, ಗೇರ್ ಹಾಕಿದರೆ ಮುಂದಕ್ಕೆ ಜಿಗಿಯುತ್ತಿತ್ತು, ಮಿಸ್ ಹೊಡೆಯುವುದು ಹಾಗೇ ಇತ್ತು. ನನಗೆ ತುಂಬ ಬೇಜಾರಾಯಿತು. ಜ್ವರ ಬಂದವರಿಗೆ ಕಂಬಳಿ ಹೊದಿಸಿ ಕಳಿಸಿದ ಹಾಗೆ ಅಲ್ವಾ ಇದು? ಮನೆಗೆ ಬಂದು ಮೊದಲು ಮಾಡಿದ ಕೆಲಸ, ಆ ಸ್ಕ್ರೂನ ವಾಪಸ್ ತಿರುಗಿಸಿದ್ದು. ರೋಗ ಕಣ್ಣಿಗೆ ಕಾಣಬೇಕು ನನಗೆ.

ಸರಿ, ಹಳೇ ಪೆಟ್ರೋಲ್ ತೆಗೆಯೋಣ. ಬ್ಯಾಟರಿ ವೈರ್ ಬಿಚ್ಚಿಟ್ಟೆ, ಬಚ್ಚಲ ಒಲೆ ಆರಿದೆಯಾ ಅಂತ ನೋಡಿ ಬಂದೆ, ಗಾಡಿಯನ್ನು ಅಂಗಳಕ್ಕೆ ತಳ್ಳಿದೆವು. ಬಂದದ್ದು ಎಂಟು ಲೀಟರ್. ಬಣ್ಣ ನೋಡಿ, ಕಷಾಯದ ಹಾಗಿದೆ. ವಾಸನೆಯಂತೂ ಪೆಟ್ರೋಲಿನದೇ ಅಲ್ಲ, ಬಾಗಿಲಿಗೆ ಹೊಡೆಯುವ ವಾರ್ನಿಶ್‌ನದು. ನಿಂತ ಪೆಟ್ರೋಲಿನಲ್ಲಿ ಬೇಗ ಹೊತ್ತಿಕೊಳ್ಳುವ ಭಾಗ ಆವಿಯಾಗಿ ಹೋಗುತ್ತದೆ, ಉಳಿದದ್ದು ಅಂಟಾಗುತ್ತದೆ. ಹೊಸ ಪೆಟ್ರೋಲ್ ಹಾಕುವ ಮೊದಲು ರಬ್ಬರ್ ಪೈಪ್, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿನ ಡಯಾಫ್ರಾಮ್ (ಒಳಗಿನ ತೆಳು ಪದರ) ಎರಡನ್ನೂ ಬದಲಾಯಿಸಿದೆ. ಈಗ ಬಂಕಿನಲ್ಲಿ ಸಿಗುವುದರಲ್ಲಿ 20% ಎಥನಾಲ್ ಇರುತ್ತದೆ, ಆ ಕಾಲದ ರಬ್ಬರ್ ಅದನ್ನು ತಡೆಯುವುದಿಲ್ಲ. ಎಥನಾಲ್ ಗಾಳಿಯಲ್ಲಿರುವ ನೀರನ್ನೂ ಎಳೆದುಕೊಳ್ಳುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಗಾಡಿ ಸುಮ್ನೆ ನಿಲ್ಲಿಸುವವರು ಇದನ್ನು ಮರೆಯಬೇಡಿ.

ಈಗ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ಹುಡುಕಬೇಕು. ಇಂಜಿನ್ ಓಡುತ್ತಿರುವಾಗ ರಬ್ಬರ್ ಹಿಡಿಯ ಇಕ್ಕಳದಲ್ಲಿ ಪ್ಲಗ್ ವೈರುಗಳನ್ನು ಒಂದೊಂದಾಗಿ ಎಳೆದೆ. ಒಂದನೆಯದು ತೆಗೆದರೆ ಇಂಜಿನ್ ಇನ್ನೂ ಕುಂಟಿತು. ಎರಡನೆಯದಕ್ಕೂ ಹಾಗೇ, ನಾಲ್ಕನೆಯದಕ್ಕೂ ಹಾಗೇ. ಮೂರನೆಯದು ತೆಗೆದಾಗ ಏನೂ ವ್ಯತ್ಯಾಸವೇ ಇಲ್ಲ. ಸಿಕ್ಕಿತು. ವೈರ್ ಹೊರಗೆ ತೆಗೆದು ನೋಡಿದರೆ ಮೂರು ಕಡೆ ಇಲಿ ಕಡಿದಿದೆ, ಸಣ್ಣ ಸಣ್ಣ ಹಲ್ಲಿನ ಗುರುತು. ಕತ್ತಲಾದ ಮೇಲೆ ಇನ್ನೊಮ್ಮೆ ಸ್ಟಾರ್ಟ್ ಮಾಡಿದೆ, ಈ ದೃಶ್ಯ ನೋಡಿ, ಆ ಗುರುತುಗಳಿಂದ ನೀಲಿ ಕಿಡಿ ಇಂಜಿನ್ ಬ್ಲಾಕಿಗೆ ಹಾರುತ್ತಿದೆ. ನಾಲ್ಕೂ ವೈರ್ ಹೊಸದು ಹಾಕಿದೆ. ಪ್ಲಗ್ ಗ್ಯಾಪ್ 0.6 ಮಿ.ಮೀ., ಪ್ಲಗ್ಗಿಗೆ ಕಿಡಿ ಬರುವಂತೆ ಕರೆಂಟ್ ಕಡಿದು ಕೂಡಿಸುವ ಪಾಯಿಂಟ್‌ಗೆ ಸಣ್ಣಗೆ ಅರ ಹಾಕಿ ಅದರ ಗ್ಯಾಪ್ 0.45.

ಏಟು ತಪ್ಪುವುದು ನಿಂತಿತು. ಆದರೆ ಕಾಲು ತೆಗೆದರೆ ಈಗಲೂ ಆಫ್.

ಇಲ್ಲಿಂದ ಮುಂದಿನದು ನನಗೆ ಬಹಳ ಇಷ್ಟವಾದ ಭಾಗ. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕಳಿಸುವುದು ಕಾರ್ಬೊರೇಟರ್. ಈ ಸೋಲೆಕ್ಸ್ ಕಂಪನಿಯ ಕಾರ್ಬೊರೇಟರ್‌ನಲ್ಲಿ ಪೆಟ್ರೋಲಿಗೆ ಎರಡು ದಾರಿ, ಒಂದೊಂದಕ್ಕೂ ಒಂದು ಜೆಟ್, ಅಂದರೆ ಸಣ್ಣ ತೂತಿರುವ ಹಿತ್ತಾಳೆ ತುಣುಕು. ಗಾಡಿ ಓಡುವಾಗ ಮೇನ್ ಜೆಟ್, ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಸ್ಲೋ ಜೆಟ್. ಜೆಟ್ ಮೇಲೆ ಕೊರೆದಿರುವ ನಂಬರ್ ಅದರ ತೂತಿನ ಅಳತೆ. 50 ಅಂತ ಇದ್ದರೆ ಅರ್ಧ ಮಿಲಿಮೀಟರ್. ಮೇನ್ ಜೆಟ್ಟಿನ ತೂತು ಇದರ ಎರಡರಷ್ಟಕ್ಕಿಂತ ದೊಡ್ಡದು. ಹಾಗಾಗಿ ಅಂಟು ಕಟ್ಟಿದರೆ ಮೊದಲು ಮುಚ್ಚಿಕೊಳ್ಳುವುದು ಸ್ಲೋ ಜೆಟ್ಟೇ. ರೋಡಿನಲ್ಲಿ ಚೆನ್ನಾಗಿ ಓಡುವ ಗಾಡಿ ಸಿಗ್ನಲ್‌ನಲ್ಲಿ ಆಫ್ ಆಗುವುದು ಇದಕ್ಕೇ.

ಬಿಚ್ಚಿ, ಎರಡು ಬೆರಳಲ್ಲಿ ಹಿಡಿದು, ಬಿಸಿಲಿಗೆ ಎತ್ತಿ ನೋಡಿದೆ. ಬೆಳಕೇ ಬರಲಿಲ್ಲ. ಹಿತ್ತಾಳೆಯ ಒಳಗೆ ಜೋನಿ ಬೆಲ್ಲದ ಬಣ್ಣದ ಪದರ. ಇಲ್ಲಿ ತಂತಿ ಹಾಕಿ ಚುಚ್ಚಬೇಡಿ, ದಯವಿಟ್ಟು. ಹಿತ್ತಾಳೆ ಮೆತ್ತಗಿರುತ್ತದೆ, ತೂತು ಒಂದು ಕೂದಲಿನಷ್ಟು ದೊಡ್ಡದಾದರೂ ಲೆಕ್ಕ ತಪ್ಪುತ್ತದೆ. ಕ್ಲೀನರ್‌ನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಪಂಕ್ಚರ್ ಅಂಗಡಿಗೆ ಹೋಗಿ ಗಾಳಿ ಹೊಡೆಸಿದೆ. ಮತ್ತೆ ಬಿಸಿಲಿಗೆ ಹಿಡಿದರೆ ಸಾಸಿವೆಗಿಂತ ಚಿಕ್ಕದು, ದುಂಡಗಿನ ಒಂದು ಬೆಳಕಿನ ಚುಕ್ಕಿ. ಅಪ್ಪನಿಗೆ ಕೊಟ್ಟೆ. ಅವರು ಕಣ್ಣಿಗೆ ತೀರ ಹತ್ತಿರ ಹಿಡಿದು, ತುಂಬ ಹೊತ್ತು ತಿರುಗಿಸಿ ತಿರುಗಿಸಿ ನೋಡಿ, "ಹ್ಞಾಂ, ಕಾಣ್ತು ಮಾರಾಯ" ಅಂದರು.

ಜೋಡಿಸುವಾಗ ಕಾರ್ಬೊರೇಟರ್ ಕೆಳಗಿನ ಪ್ಯಾಕಿಂಗ್ ಹೊಸದು ಹಾಕಿ. ಹಳೆಯದು ಒಣಗಿ ಬಿರುಕು ಬಿಟ್ಟಿತ್ತು, ಅಲ್ಲಿಂದ ಏರ್ ಎಳೆದರೆ ಎಷ್ಟು ಟ್ಯೂನ್ ಮಾಡಿದರೂ ಕಾಲು ತೆಗೆದಾಗ ಇಂಜಿನ್ ಸಮವಾಗಿ ಓಡುವುದಿಲ್ಲ. ನಟ್ ಅತಿಯಾಗಿ ಬಿಗಿಯಬೇಡಿ, ಕಾರ್ಬೊರೇಟರ್ ಕೂರುವ ಅಂಚು (ಫ್ಲೇಂಜ್) ಸೊಟ್ಟಗಾಗುತ್ತದೆ. ಇಂಜಿನ್ ಓಡುತ್ತಿರುವಾಗ ಸುತ್ತಲೂ ಸೋಪಿನ ನೀರು ಹನಿಸಿ. ಶಬ್ದ ಬದಲಾಗಲಿಲ್ಲ ಅಂದರೆ ಸರಿ ಇದೆ.

ಟ್ಯೂನಿಂಗ್ ಕೊನೆಗೆ. ಇಂಜಿನ್ ಪೂರ್ತಿ ಬಿಸಿಯಾಗಿರಬೇಕು, ಚೋಕ್ ಒಳಗಿರಬೇಕು. ಪೆಟ್ರೋಲ್ ಗಾಳಿಯ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಮೆಲ್ಲಗೆ ಒಳಗೆ ಕೂರಿಸಿ ಒಂದೂವರೆ ಸುತ್ತು ಬಿಚ್ಚಿದೆ. ಅಲ್ಲಿಂದ ಕಾಲು ಕಾಲು ಸುತ್ತು, ಇಂಜಿನ್ ಎಲ್ಲಿ ಅತಿ ಚುರುಕಾಗಿ, ಸಮವಾಗಿ ಓಡುತ್ತದೋ ಅಲ್ಲಿಯವರೆಗೆ. ಆಮೇಲೆ ಐಡಲ್ ಸ್ಕ್ರೂನಲ್ಲಿ ಸ್ಪೀಡ್ ಇಳಿಸಿದೆ, ಇನ್ನೊಮ್ಮೆ ಮಿಕ್ಸ್ಚರ್ ನೋಡಿದೆ. ಎಥನಾಲ್ ಪೆಟ್ರೋಲಿಗೆ ಹಳೇ ಅಳತೆಗಿಂತ ಸ್ವಲ್ಪ ಜಾಸ್ತಿಯೇ ಬಿಚ್ಚಬೇಕಾಯಿತು. ಈ ಗಾಡಿಯಲ್ಲಿ ಆರ್‌ಪಿಎಂ ಮೀಟರ್ ಇಲ್ಲ. ಅಪ್ಪ ಬಾನೆಟ್ ಪಕ್ಕ ಕುರ್ಚಿ ಹಾಕಿಕೊಂಡು ಕೂತು, "ಇನ್ನೂ ಸ್ವಲ್ಪ, ಸ್ವಲ್ಪ, ಹಾಂ, ಬಿಡು" ಅಂತ ಹೇಳುತ್ತಾ ಹೋದರು. ನಾನು ಅವರ ಕಿವಿಯನ್ನೇ ನಂಬಿದೆ.

ಸಂಜೆ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಇಕ್ಕೇರಿಗೆ ಹೊರಟೆ. ಈ ಶಾಟ್ ದೇವಸ್ಥಾನದ ಎದುರು ತೆಗೆದದ್ದು. ಇಂಜಿನ್ ಓಡುತ್ತಿದೆ, ನನ್ನ ಎರಡೂ ಕಾಲು ನೆಲದ ಮೇಲಿವೆ. ಹೋದ ವಾರ ಈ ಕನ್ನಡಿಯಲ್ಲಿ ಹಿಂದಿನ ಸೀಟಿನ ಅಮ್ಮನ ಮುಖ ಎರಡೆರಡಾಗಿ ನಡುಗುತ್ತಿತ್ತು. ಈಗ ಕುಂಕುಮ ಕೂಡ ಸ್ಪಷ್ಟವಾಗಿ ಕಾಣುತ್ತಿದೆ.

ಒಮ್ಮೆಲೇ ಆಕ್ಸಿಲರೇಟರ್ ಒತ್ತಿದರೆ ಇನ್ನೂ ಅರೆ ಕ್ಷಣ ತಡವರಿಸುತ್ತದೆ. ಹಾಗೆ ಒತ್ತಿದಾಗ ಸ್ವಲ್ಪ ಜಾಸ್ತಿ ಪೆಟ್ರೋಲ್ ಚಿಮ್ಮಿಸಲು ಕಾರ್ಬೊರೇಟರ್‌ನಲ್ಲಿ ಆಕ್ಸಿಲರೇಟರ್ ಪಂಪ್ ಅಂತ ಇದೆ, ಅದರ ಡಯಾಫ್ರಾಮ್ ಒಣಗಿ ಗಟ್ಟಿಯಾಗಿದೆ ಅನ್ನಿಸುತ್ತದೆ. ಬರುವ ಭಾನುವಾರ ಅದನ್ನು ಬಿಚ್ಚುತ್ತೇನೆ.