ಸ್ಪ್ರಿಂಗ್‌ಫೀಲ್ಡಿನ ಗೆಳೆಯರು, ಎದುರಾಳಿಗಳು

ಬಾನುಲಿ ಕೇಳುಗರೆಲ್ಲರಿಗೂ ನಮಸ್ಕಾರ.

ಅಬ್ರಹಾಂ ಲಿಂಕನ್ ಎಂಬ ಮುತ್ಸದ್ದಿ ಪಳಗಿದ್ದು ಅಮೆರಿಕದ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಸಣ್ಣ ಊರಿನಲ್ಲಿ. 1839ರಲ್ಲಿ ರಾಜ್ಯದ ರಾಜಧಾನಿ ಅಲ್ಲಿಗೆ ಬಂದಾಗ, ಅದರ ಬೆನ್ನಿಗೇ ಹೆಸರು ಮಾಡಬೇಕೆಂಬ ಹಂಬಲದ ತರುಣ ವಕೀಲರೂ ಬಂದು ಸೇರಿದರು. ಹಗಲು ನ್ಯಾಯಾಲಯದಲ್ಲಿ ಪರಸ್ಪರ ವಾದಿಸಿ, ಚುನಾವಣೆ ಬಂದಾಗ ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದ ಇವರೇ ಸಂಜೆಯಾದರೆ ಮಾಜಿ ರಾಜ್ಯಪಾಲರ ಮಗ ನಿನಿಯನ್ ಎಡ್ವರ್ಡ್ಸ್‌ನ ಮನೆಯಲ್ಲಿ ಅಕ್ಕಪಕ್ಕ ಕುಳಿತಿರುತ್ತಿದ್ದರು. ಅಷ್ಟು ಚಿಕ್ಕ ಸಮಾಜದಲ್ಲಿ ಒಲವನ್ನು ಒಂದು ಕಡೆ, ರಾಜಕೀಯವನ್ನು ಇನ್ನೊಂದು ಕಡೆ ಇಟ್ಟು ಬಾಳುವುದು ಯಾರಿಗೂ ಸಾಧ್ಯವಿರಲಿಲ್ಲವೆಂದು ನನಗೆ ತೋರುತ್ತದೆ.

ಎಡ್ವರ್ಡ್ಸ್‌ನ ನಾದಿನಿ ಮೇರಿ ಟಾಡ್ ಕೆಂಟಕಿಯ ಸ್ಥಿತಿವಂತ ಮನೆತನದವಳು. ಓದಿದವಳು, ಮಾತಿನಲ್ಲಿ ಚುರುಕು, ರಾಜಕೀಯವೆಂದರೆ ಪ್ರಾಣ. ಡೆಮಾಕ್ರಟಿಕ್ ಪಕ್ಷದ ಕುಳ್ಳ ಮೈಕಟ್ಟಿನ, ಸಿಡಿಲಿನಂಥ ಮಾತಿನ ಸ್ಟೀಫನ್ ಡಗ್ಲಸ್ ಆಕೆಯ ಕೈಹಿಡಿಯಬಹುದೆಂಬ ಮಾತು ಊರಿನಲ್ಲಿತ್ತು. ಆಕೆ ಮೆಚ್ಚಿದ್ದು ಡೆಮಾಕ್ರಟರ ಎದುರು ಪಕ್ಷವಾದ ವಿಗ್ ಪಕ್ಷದ ಬಡ ವಕೀಲ ಲಿಂಕನ್ನನನ್ನು. ಅಕ್ಕ ಭಾವಂದಿರಿಗೆ ಈ ಸಂಬಂಧ ರುಚಿಸಲಿಲ್ಲ. 1841ರ ಜನವರಿಯಲ್ಲಿ ನಿಶ್ಚಯ ಮುರಿದುಬಿತ್ತು. ಬದುಕಿರುವವರಲ್ಲಿ ತನ್ನಷ್ಟು ದುಃಖಿ ಇನ್ನೊಬ್ಬನಿಲ್ಲವೆಂದು ಲಿಂಕನ್ ಆ ತಿಂಗಳು ತನ್ನ ವಕೀಲಿ ಪಾಲುದಾರನಿಗೆ ಬರೆದ.

ಲಿಂಕನ್ ಮತ್ತು ಮೇರಿ ಮತ್ತೆ ಹತ್ತಿರವಾದದ್ದು ಒಂದು ರಾಜಕೀಯ ಜಗಳದ ಕಾಲದಲ್ಲಿ. 1842ರಲ್ಲಿ ರಾಜ್ಯದ ಬ್ಯಾಂಕು ಕುಸಿದು ಅದರ ನೋಟುಗಳು ಬೆಲೆ ಕಳೆದುಕೊಂಡವು. ತೆರಿಗೆಗೆ ಆ ನೋಟುಗಳು ನಡೆಯುವುದಿಲ್ಲ, ಬೆಳ್ಳಿ ಬಂಗಾರವನ್ನೇ ತರಬೇಕು ಎಂಬ ಸರ್ಕಾರದ ಆದೇಶಕ್ಕೆ ರಾಜ್ಯದ ಲೆಕ್ಕಾಧಿಕಾರಿ, ಡೆಮಾಕ್ರಟಿಕ್ ಪಕ್ಷದ ಜೇಮ್ಸ್ ಶೀಲ್ಡ್ಸ್‌ನ ರುಜು ಬಿತ್ತು. ಕೈಯಲ್ಲಿ ಆ ನೋಟು ಬಿಟ್ಟರೆ ಬೇರೇನೂ ಇಲ್ಲದ ರೈತರ ಸಂಕಟವನ್ನು ಲಿಂಕನ್ 'ರೆಬೆಕ್ಕಾ' ಎಂಬ ಹಳ್ಳಿ ಹೆಂಗಸಿನ ಹೆಸರಿನಲ್ಲಿ ಸ್ಥಳೀಯ ಪತ್ರಿಕೆಗೆ ಬರೆದ. ಅಷ್ಟಕ್ಕೇ ನಿಲ್ಲಿಸದೆ, 'ನಿಮ್ಮೆಲ್ಲರನ್ನೂ ಮದುವೆಯಾಗಲಾರೆ' ಎಂದು ಶೀಲ್ಡ್ಸ್ ಊರಿನ ಹೆಣ್ಣುಮಕ್ಕಳೆದುರು ಮರುಗುವಂತೆ ಚಿತ್ರಿಸಿ, ಅವನ ರೂಪದ ಜಂಬವನ್ನೂ ಕೆಣಕಿದ. ಇದೇ ಹೆಸರಿನಲ್ಲಿ ಮೇರಿ ಮತ್ತು ಆಕೆಯ ಆಪ್ತ ಗೆಳತಿ ಜೂಲಿಯಾ ಜೇನ್ ಸೇರಿ ಇನ್ನೊಂದು ಪತ್ರ ಬರೆದರು.

ಶೀಲ್ಡ್ಸ್ ಕೆರಳಿ ದ್ವಂದ್ವಯುದ್ಧಕ್ಕೆ ಕರೆದ. ಹೆಂಗಸರ ಹೆಸರು ಹೊರಬೀಳದಂತೆ ಹೊಣೆಯೆಲ್ಲವನ್ನೂ ಲಿಂಕನ್ ತಾನೇ ಹೊತ್ತುಕೊಂಡ. ಆಯುಧ ಆರಿಸುವ ಹಕ್ಕು ಅವನದಾದ್ದರಿಂದ ಅಶ್ವದಳದ ಭಾರಿ ಕತ್ತಿಗಳನ್ನು ಕೇಳಿದ. ನಡುವೆ ಹತ್ತು ಅಡಿ ಉದ್ದದ ಹಲಗೆ ನಿಲ್ಲಿಸಬೇಕು, ಅದನ್ನು ದಾಟಿದವನ ಪ್ರಾಣ ಹೋದಂತೆಯೇ ಎಂಬ ಷರತ್ತನ್ನೂ ಹಾಕಿದ. ಆರಡಿ ನಾಲ್ಕಂಗುಲದ ಲಿಂಕನ್ನನ ತೋಳಿನಳತೆ ಬಲ್ಲವರಿಗೆ ಆ ಷರತ್ತಿನ ಮರ್ಮ ತಿಳಿಯುತ್ತದೆ. ಸೆಪ್ಟೆಂಬರ್ 22ರಂದು ಆಲ್ಟನ್ ಊರಿನೆದುರು ಮಿಸಿಸಿಪ್ಪಿ ನದಿಯ ನಡುಗಡ್ಡೆಯವರೆಗೂ ಹೋದವರನ್ನು ಗೆಳೆಯರು ಸಂಧಾನ ಮಾಡಿ ಹಿಂದಿರುಗಿಸಿದರು. ಆರು ವಾರಗಳಲ್ಲಿ, ನವೆಂಬರ್ 4ರಂದು, ಲಿಂಕನ್ ಮತ್ತು ಮೇರಿಯ ಮದುವೆಯಾಯಿತು.

ಮದುವೆಯಿಂದ ರಾಜಕೀಯದ ದಾರಿ ಸುಗಮವಾಗಲಿಲ್ಲ. 1843ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಉಮೇದುವಾರಿಕೆಗೆ ನಿಂತಾಗ, ತಿಂಗಳಿಗೆ ಹತ್ತು ಡಾಲರಿಗೆ ದೋಣಿಯಲ್ಲಿ ದುಡಿದಿದ್ದ ಈ ಮನುಷ್ಯನನ್ನು ಸಿರಿವಂತ ಮನೆತನಗಳ ಅಭ್ಯರ್ಥಿಯೆಂದು ಸ್ವಪಕ್ಷದವರೇ ದೂರಿದರು. ಜಿಲ್ಲೆಯ ಬೆಂಬಲ ಗೆಳೆಯ ಎಡ್ವರ್ಡ್ ಬೇಕರ್‌ನ ಪಾಲಾಯಿತು. ಅವನ ಪರವಾಗಿ ಕೆಲಸ ಮಾಡುವ ಹೊಣೆ ಲಿಂಕನ್ನನ ಕೊರಳಿಗೇ ಬಿತ್ತು. ತನ್ನ ಪ್ರೀತಿಯ ಹುಡುಗಿಯನ್ನು ಗೆದ್ದುಕೊಂಡವನ ಮದುವೆಯಲ್ಲಿ ವರನ ಪಕ್ಕದಲ್ಲಿ ನಿಲ್ಲಬೇಕಾಗಿ ಬಂದವನಂತಾಗಿದೆ ತನ್ನ ಪಾಡು ಎಂದು ಆತ ಗೆಳೆಯ ಸ್ಪೀಡ್‌ಗೆ ಬರೆದ. ಸೋಲಿನ ಸಂಕಟವನ್ನು ಹೇಳಿಕೊಳ್ಳಲು ಅವನಿಗೆ ಒದಗಿದ್ದು ಪ್ರೇಮದ ಭಾಷೆ ಎಂಬುದು ನನ್ನನ್ನು ಬಹಳವಾಗಿ ತಟ್ಟುತ್ತದೆ. ಆದರೂ ಬೇಕರ್‌ನ ಸ್ನೇಹವನ್ನು ಆತ ಕಡಿದುಕೊಳ್ಳಲಿಲ್ಲ. ತನ್ನ ಎರಡನೆಯ ಮಗನಿಗೆ ಅವನ ಹೆಸರನ್ನೇ ಇಟ್ಟ.

ಇದಕ್ಕಿಂತ ಕಠಿಣವಾದ ಪರೀಕ್ಷೆ 1855ರ ಫೆಬ್ರವರಿಯಲ್ಲಿ ಎದುರಾಯಿತು. ಹಿಂದಿನ ವರ್ಷ ಡಗ್ಲಸ್ ತಂದಿದ್ದ ಕಾನ್ಸಾಸ್–ನೆಬ್ರಾಸ್ಕಾ ಕಾಯ್ದೆ ಹೊಸ ಪ್ರಾಂತಗಳಲ್ಲಿ ಗುಲಾಮಗಿರಿಗೆ ಬಾಗಿಲು ತೆರೆದಿತ್ತು. ಅದನ್ನು ವಿರೋಧಿಸುತ್ತಿದ್ದ ಲಿಂಕನ್ ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟಿನ ಸ್ಥಾನಕ್ಕೆ ನಿಂತ. ಆ ಕಾಲದಲ್ಲಿ ಸೆನೆಟರನ್ನು ಆರಿಸುತ್ತಿದ್ದುದು ರಾಜ್ಯದ ಶಾಸನಸಭೆ. ಮೊದಲ ಸುತ್ತಿನಲ್ಲಿ ಲಿಂಕನ್ನನಿಗೆ 44 ಮತ, ಹಳೆಯ ಎದುರಾಳಿ ಶೀಲ್ಡ್ಸ್‌ಗೆ 41, ಜೂಲಿಯಾ ಜೇನಳ ಗಂಡ, ಕಾಯ್ದೆಯನ್ನು ವಿರೋಧಿಸುತ್ತಿದ್ದ ಡೆಮಾಕ್ರಟ್ ಲೈಮನ್ ಟ್ರಂಬುಲ್‌ಗೆ ಕೇವಲ 5. ಆ ಐವರು ಡೆಮಾಕ್ರಟರು ಕಾಯ್ದೆಯನ್ನು ವಿರೋಧಿಸಿದರೂ ವಿಗ್ ಪಕ್ಷದವನಿಗೆ ಮತ ಕೊಡಲು ಒಪ್ಪಲಿಲ್ಲ. ಸುತ್ತುಗಳು ಕಳೆದಂತೆ ಎದುರು ಪಕ್ಷ ಶೀಲ್ಡ್ಸ್‌ನನ್ನು ಕೈಬಿಟ್ಟು ರಾಜ್ಯಪಾಲ ಮ್ಯಾಟ್ಟೆಸನ್ನನ ಬೆನ್ನಿಗೆ ನಿಂತು ಗೆಲುವಿನ ಹೊಸ್ತಿಲಿಗೆ ಬಂದಿತು. ಆಗ ಲಿಂಕನ್ ತನ್ನಲ್ಲಿ ಉಳಿದಿದ್ದ ಮತಗಳನ್ನು ಟ್ರಂಬುಲ್‌ಗೆ ಬಿಟ್ಟುಕೊಡುವಂತೆ ಬೆಂಬಲಿಗರಿಗೆ ಹೇಳಿದ. ಐದು ಮತದಿಂದ ಹೊರಟವನು 51 ಮತ ಪಡೆದು ಸೆನೆಟರಾದ.

ಲಿಂಕನ್ನನಿಗೆ ಆಸೆ ಕಡಿಮೆಯಿತ್ತೆಂದು ಯಾರೂ ಭಾವಿಸಬಾರದು. ಮರುವರ್ಷದ ಹೊತ್ತಿಗೆ ಬರೆದಿಟ್ಟ ಒಂದು ಟಿಪ್ಪಣಿಯಲ್ಲಿ ಆತ ತನ್ನನ್ನು ಡಗ್ಲಸ್‌ನೊಡನೆ ಹೋಲಿಸಿಕೊಂಡು, ಯೌವನದಲ್ಲಿ ಇಬ್ಬರ ಹಂಬಲವೂ ಸಮಸಮವಾಗಿತ್ತು, ಆ ಓಟದಲ್ಲಿ ತಾನು ಪೂರ್ತಿ ಸೋತೆ, ಅವನ ಹೆಸರು ದೇಶವನ್ನೇ ತುಂಬಿದೆ ಎಂದು ಒಪ್ಪಿಕೊಂಡಿದ್ದಾನೆ. ಅಂಥವನು ಕೈಗೆ ಬಂದಿದ್ದ ಪದವಿಯನ್ನು, ಗುಲಾಮಗಿರಿಯ ವಿಸ್ತರಣೆ ತಡೆಯಬೇಕೆಂಬ ಒಂದೇ ಕಾರಣಕ್ಕೆ, ಇನ್ನೊಬ್ಬನಿಗೆ ದಾಟಿಸಿದ್ದು ನನ್ನ ದೃಷ್ಟಿಯಲ್ಲಿ ಅವನ ಯಾವ ಭಾಷಣಕ್ಕೂ ಕಡಿಮೆಯಾದುದಲ್ಲ.

ಮೇರಿಗೆ ಮಾತ್ರ ಅದನ್ನು ನುಂಗಿಕೊಳ್ಳಲಾಗಲಿಲ್ಲ. ಜೂಲಿಯಾ ಆಕೆಯ ಮದುವೆಯಲ್ಲಿ ಪಕ್ಕದಲ್ಲಿ ನಿಂತಿದ್ದ ಗೆಳತಿ. ಆ ದಿನದಿಂದ ಸ್ನೇಹ ಮುರಿಯಿತು. 1858ರಲ್ಲಿ ಲಿಂಕನ್ ಡಗ್ಲಸ್‌ನ ವಿರುದ್ಧ ಸೆನೆಟಿಗೆ ನಿಂತಾಗ ಟ್ರಂಬುಲ್ ಊರೂರು ಸುತ್ತಿ ಅವನ ಪರವಾಗಿ ಭಾಷಣ ಮಾಡಿದ. ಹೆಂಗಸರಿಬ್ಬರ ನಡುವಿನ ಬಿರುಕು ಹಾಗೆಯೇ ಉಳಿದಿತ್ತು.